ಕೋಡ್ ಕೇಳುವ ಮೆಮೊರಿ ಚಿಪ್: ಎಸ್‌ಎಲ್‌ಇ 4442 ಕಾರ್ಡನ್ನು ಓದುವ, ಬರೆಯುವ, ರಕ್ಷಿಸುವ ಕ್ರಮ

ಚಿನ್ನದ ಬಣ್ಣದ ಸಂಪರ್ಕ ಫಲಕವಿರುವ ಪ್ಲಾಸ್ಟಿಕ್ ಕಾರ್ಡುಗಳ ಒಳಗೆಲ್ಲ ಪುಟ್ಟ ಕಂಪ್ಯೂಟರ್ ಇರುತ್ತದೆ ಎಂದು ಹಲವರು ತಿಳಿದಿದ್ದಾರೆ. ಬ್ಯಾಂಕ್ ಕಾರ್ಡ್, ಸಿಮ್ ಕಾರ್ಡ್‌ಗಳ ಮಟ್ಟಿಗೆ ಅದು ನಿಜ. ಆದರೆ ಪ್ರೊಸೆಸರ್ ಇಲ್ಲದ, ಒಂದಿಷ್ಟು ಮೆಮೊರಿ ಮತ್ತು ಅದನ್ನು ಕಾಯುವ ಸಣ್ಣ ತರ್ಕ ಮಂಡಲ ಮಾತ್ರ ಇರುವ ಕಾರ್ಡುಗಳೂ ಬಹಳ ಕಾಲದಿಂದ ಬಳಕೆಯಲ್ಲಿವೆ. ಅವುಗಳಲ್ಲಿ ತುಂಬ ಹೆಸರಾದದ್ದು ಎಸ್‌ಎಲ್‌ಇ 4442. ಮೊದಲು ಸೀಮೆನ್ಸ್ ಇದನ್ನು ತಯಾರಿಸುತ್ತಿತ್ತು. 1999ರಲ್ಲಿ ಆ ಕಂಪನಿಯ ಸೆಮಿಕಂಡಕ್ಟರ್ ವಿಭಾಗ ಇನ್ಫಿನಿಯನ್ ಎಂಬ ಬೇರೆ ಕಂಪನಿಯಾದ ಮೇಲೆ ಚಿಪ್ ಆ ಹೆಸರಿನಲ್ಲಿ ಬಂತು. ಇದೇ ಕಮಾಂಡ್‌ಗಳಿಗೆ ಸ್ಪಂದಿಸುವ, ಬೇರೆ ತಯಾರಕರ ಚಿಪ್‌ಗಳೂ ಇವೆ.

ಸುರಕ್ಷಿತ ಮೆಮೊರಿ ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಚಿಪ್ ನನಗೆ ಗೊತ್ತಿಲ್ಲ. ಕಮಾಂಡ್‌ಗಳು ಏಳೇ ಏಳು. ಮೈಕ್ರೊಕಂಟ್ರೋಲರ್ ಬೋರ್ಡ್ (ಪಿನ್‌ಗಳನ್ನು ಪ್ರೋಗ್ರಾಂನಿಂದ ನಡೆಸುವ ಪುಟ್ಟ ಕಂಪ್ಯೂಟರ್ ಫಲಕ) ಒಂದಿದ್ದರೆ ತಂತಿಯ ಮೇಲೆ ಹರಿಯುವ ಪ್ರತಿಯೊಂದು ಬಿಟ್ಟನ್ನೂ ಕಣ್ಣಾರೆ ನೋಡಬಹುದು. ಪ್ರಯೋಗಕ್ಕೆ ಖಾಲಿ ಕಾರ್ಡುಗಳನ್ನೇ ಬಳಸಿ. ಕೆಲವು ಹೆಜ್ಜೆಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ, ಆದ್ದರಿಂದ ಒಂದಕ್ಕಿಂತ ಹೆಚ್ಚು ಕಾರ್ಡ್ ಕೈಯಲ್ಲಿರಲಿ.

ಮುಂದೆ ಬರುವ ಕಮಾಂಡ್, ವಿಳಾಸ ಮತ್ತು ಬೈಟ್ ಮೌಲ್ಯಗಳೆಲ್ಲ ಹೆಕ್ಸಾಡೆಸಿಮಲ್, ಅಂದರೆ 16ರ ಆಧಾರದ ಸಂಖ್ಯೆಗಳು. ಎಣಿಕೆ, ಸಮಯ, ವೇಗ, ವೋಲ್ಟೇಜ್‌ಗಳ ಸಂಖ್ಯೆಗಳು ಮಾತ್ರ ಎಂದಿನ ದಶಮಾನದವು.

ಒಳಗೆ ಏನೇನಿದೆ

ಚಿಪ್‌ನಲ್ಲಿ ಮೂರು ಮೆಮೊರಿಗಳಿವೆ. ಮೊದಲನೆಯದು 256 ಬೈಟ್‌ಗಳ ಮುಖ್ಯ ಮೆಮೊರಿ. ಇದು ಇಇಪ್ರಾಮ್, ಅಂದರೆ ವಿದ್ಯುತ್ ಹೋದರೂ ಮಾಹಿತಿ ಉಳಿಯುತ್ತದೆ. ಎರಡನೆಯದು 32 ಬಿಟ್‌ಗಳ ರಕ್ಷಣಾ ಮೆಮೊರಿ. ಮುಖ್ಯ ಮೆಮೊರಿಯ ಮೊದಲ 32 ಬೈಟ್‌ಗಳಲ್ಲಿ ಒಂದೊಂದಕ್ಕೂ ಇಲ್ಲಿ ಒಂದು ಬಿಟ್ ಮೀಸಲು. ಆ ಬಿಟ್ ಒಮ್ಮೆ ಸೊನ್ನೆಯಾದರೆ ಅದಕ್ಕೆ ಸೇರಿದ ಬೈಟನ್ನು ಮುಂದೆ ಯಾರೂ ಬದಲಿಸಲಾರರು. ಮೂರನೆಯದು 4 ಬೈಟ್‌ಗಳ ಭದ್ರತಾ ಮೆಮೊರಿ. ಅದರ ಮೊದಲ ಬೈಟ್ ತಪ್ಪು ಪ್ರಯತ್ನಗಳ ಕೌಂಟರ್, ಉಳಿದ ಮೂರು ಬೈಟ್‌ಗಳು ಪ್ರೋಗ್ರಾಮೆಬಲ್ ಸೆಕ್ಯುರಿಟಿ ಕೋಡ್. ಇದನ್ನು ಚಿಕ್ಕದಾಗಿ ಪಿಎಸ್‌ಸಿ ಎನ್ನುತ್ತಾರೆ.

ಇಲ್ಲಿ ಒಂದು ಮಾತು ಮನಸ್ಸಿನಲ್ಲಿ ನಿಲ್ಲಬೇಕು. ಪಿಎಸ್‌ಸಿ ಕಾಯುವುದು ಬರೆಯುವುದನ್ನು ಮಾತ್ರ, ಓದುವುದನ್ನಲ್ಲ. ಮುಖ್ಯ ಮೆಮೊರಿಯ 256 ಬೈಟ್‌ಗಳನ್ನು ಯಾರು ಬೇಕಾದರೂ, ಯಾವ ಕೋಡೂ ಇಲ್ಲದೆ ಓದಬಹುದು. ಈ ಚಿಪ್ ಬಳಸಿದ ಎಷ್ಟೋ ವ್ಯವಸ್ಥೆಗಳು ಎಡವುವುದು ಇದನ್ನು ಮರೆತಾಗಲೇ. ಗುಟ್ಟಾಗಿ ಇಡಬೇಕಾದ ಯಾವುದನ್ನೂ ಇದರಲ್ಲಿ ಹಾಗೆಯೇ ಬರೆದಿಡಬೇಡಿ.

ತಂತಿ ಜೋಡಣೆ

ಸಂಪರ್ಕ ಫಲಕದ ಎಂಟು ಸ್ಥಾನಗಳಲ್ಲಿ ಐದು ಮಾತ್ರ ಕೆಲಸಕ್ಕೆ ಬರುತ್ತವೆ. ಸಿ1 ವಿದ್ಯುತ್ ಪೂರೈಕೆ, ಸಿ2 ರಿಸೆಟ್, ಸಿ3 ಕ್ಲಾಕ್, ಸಿ5 ಗ್ರೌಂಡ್, ಸಿ7 ಡೇಟಾ. ಚಿಪ್ ನಡೆಯುವುದು 5 ವೋಲ್ಟ್‌ನಲ್ಲಿ. ನಿಮ್ಮ ಬೋರ್ಡ್ 3.3 ವೋಲ್ಟ್‌ನದಾದರೆ ನಡುವೆ ಲೆವೆಲ್ ಶಿಫ್ಟರ್ (ವೋಲ್ಟೇಜ್ ಮಟ್ಟ ಹೊಂದಿಸುವ ಮಂಡಲ) ಹಾಕಿ. ಡೇಟಾ ತಂತಿ ಓಪನ್ ಡ್ರೇನ್ ಮಾದರಿಯದು. ಚಿಪ್ ಅದನ್ನು ಕೆಳಕ್ಕೆ ಎಳೆಯಬಲ್ಲದು, ಮೇಲಕ್ಕೆ ತಳ್ಳಲಾರದು. ಹಾಗಾಗಿ ತಂತಿಯನ್ನು ಮೇಲಕ್ಕೆ ಎಳೆದಿಡಲು ಹೊರಗಿನಿಂದ ಒಂದು ಪುಲ್ಅಪ್ ರೆಸಿಸ್ಟರ್ ಬೇಕೇ ಬೇಕು.

ಕ್ಲಾಕ್ ವೇಗ 7ರಿಂದ 50 ಕಿಲೊಹರ್ಟ್ಸ್ ನಡುವೆ ಇರಲಿ. ಇಂದಿನ ಮೈಕ್ರೊಕಂಟ್ರೋಲರ್‌ಗಳಿಗೆ ಇದು ಆಮೆಯ ನಡಿಗೆ ಎನಿಸಬಹುದು. ಆದರೂ 50 ಮೀರಬೇಡಿ. ಕಾರಣ ಬರೆಯುವ ಭಾಗಕ್ಕೆ ಬಂದಾಗ ತಿಳಿಯುತ್ತದೆ.

ಮೊದಲ ಹೆಜ್ಜೆ: ರಿಸೆಟ್ ಮತ್ತು ಉತ್ತರ

ವಿದ್ಯುತ್ ಕೊಟ್ಟ ಮೇಲೆ ರಿಸೆಟ್ ತಂತಿಯನ್ನು ಹೈ ಮಾಡಿ, ಅದು ಹೈ ಇರುವಾಗಲೇ ಒಂದು ಕ್ಲಾಕ್ ಪಲ್ಸ್ ಕೊಟ್ಟು, ರಿಸೆಟ್ಟನ್ನು ಲೋ ಮಾಡಿ. ಆ ಕ್ಷಣ ಚಿಪ್ ತನ್ನ ಮೊದಲ ಬಿಟ್ಟನ್ನು ಡೇಟಾ ತಂತಿಯ ಮೇಲೆ ಇಡುತ್ತದೆ. ಮುಂದಿನ 31 ಪಲ್ಸ್‌ಗಳಿಗೆ ಉಳಿದ 31 ಬಿಟ್‌ಗಳು ಬರುತ್ತವೆ. ಪ್ರತಿ ಬೈಟ್‌ನ ಕನಿಷ್ಠ ಬೆಲೆಯ ಬಿಟ್ (ಬರೆದಾಗ ಬಲತುದಿಯದು) ಮೊದಲು ಬರುತ್ತದೆ ಎಂಬುದನ್ನು ನೆನಪಿಡಿ. ಬಿಟ್‌ಗಳನ್ನು ಜೋಡಿಸಿದಾಗ ಎ2, 13, 10, 91 ಎಂಬ ನಾಲ್ಕು ಬೈಟ್ ಸಿಕ್ಕರೆ ತಂತಿ ಜೋಡಣೆ ಸರಿಯಿದೆ ಎಂದರ್ಥ. ತಂತಿಯ ಮೇಲಿನ ಬಿಟ್‌ಗಳನ್ನು ತೋರಿಸುವ ಲಾಜಿಕ್ ಅನಲೈಸರ್‌ನಲ್ಲಿ ನೋಡುವವರಿಗೆ ಎ2 ಕಾಣುವುದು 0, 1, 0, 0, 0, 1, 0, 1 ಎಂಬ ಸಾಲಿನಲ್ಲಿ. 45 ಎಂದು ಓದಿದ್ದರೆ ಬಿಟ್‌ಗಳನ್ನು ತಿರುಗಾಮುರುಗಾ ಜೋಡಿಸಿದ್ದೀರಿ ಎಂದು ತಿಳಿಯಿರಿ.

ಈ ನಾಲ್ಕು ಬೈಟ್‌ಗಳಿಗೆ ಬೇರೆ ಜಾಗವೇನೂ ಇಲ್ಲ. ಮುಖ್ಯ ಮೆಮೊರಿಯ ಮೊದಲ ನಾಲ್ಕು ವಿಳಾಸಗಳಲ್ಲಿ ಇರುವುದೂ ಅವೇ, ರಿಸೆಟ್ ಆದಾಗ ಹೊರಬರುವುದೂ ಅವೇ.

ಕಮಾಂಡ್ ಕಳಿಸುವ ಬಗೆ

ಪ್ರತಿ ಕಮಾಂಡ್‌ಗೂ ಮೂರು ಬೈಟ್: ಕಮಾಂಡ್ ಸಂಕೇತ, ವಿಳಾಸ, ಡೇಟಾ. ವಿಳಾಸವಾಗಲಿ ಡೇಟಾ ಆಗಲಿ ಅಗತ್ಯವಿಲ್ಲದ ಕಡೆ ಏನಾದರೂ ತುಂಬಿ, ಆದರೆ ಮೂರು ಬೈಟ್ ಪೂರ್ತಿ ಹೋಗಲೇಬೇಕು.

ಕ್ಲಾಕ್ ಹೈ ಇರುವಾಗ ಡೇಟಾ ತಂತಿಯನ್ನು ಕೆಳಗಿಳಿಸಿದರೆ ಅದು ಆರಂಭದ ಸೂಚನೆ. ಕ್ಲಾಕ್ ಹೈ ಇರುವಾಗ ಡೇಟಾ ತಂತಿಯನ್ನು ಮೇಲೇರಿಸಿದರೆ ಮುಕ್ತಾಯದ ಸೂಚನೆ. ಇವೆರಡರ ನಡುವೆ ಹೋಗುವ 24 ಬಿಟ್‌ಗಳನ್ನು ಕ್ಲಾಕ್ ಲೋ ಇರುವಾಗ ಮಾತ್ರ ಬದಲಿಸಬೇಕು. ಇಲ್ಲವಾದರೆ ನೀವು ಕಳಿಸಿದ ಬಿಟ್ಟನ್ನೇ ಚಿಪ್ ಆರಂಭ ಅಥವಾ ಮುಕ್ತಾಯ ಎಂದು ತಪ್ಪು ತಿಳಿಯುತ್ತದೆ. ಚಿಪ್‌ಗಳ ನಡುವೆ ಎರಡು ತಂತಿಯಲ್ಲಿ ಮಾತಾಡುವ ಐ2ಸಿ ವಿಧಾನ ಗೊತ್ತಿರುವವರಿಗೆ ಇದೆಲ್ಲ ಪರಿಚಿತ ಎನಿಸುತ್ತದೆ. ಆದರೆ ಇಲ್ಲಿ ಐ2ಸಿ ಲೈಬ್ರರಿ ನಡೆಯದು. ಸಾಧನ ವಿಳಾಸವಿಲ್ಲ, ಪ್ರತಿ ಬೈಟ್ ಆದ ಮೇಲೆ ಬರುವ ಒಪ್ಪಿಗೆಯ ಬಿಟ್ ಇಲ್ಲ, ಬಿಟ್‌ಗಳ ಕ್ರಮವೂ ಉಲ್ಟಾ. ಪಿನ್‌ಗಳನ್ನು ನೇರವಾಗಿ ಏರಿಸಿ ಇಳಿಸುವ ಕೋಡನ್ನೇ ಬರೆಯಬೇಕು.

ಓದುವುದು

ಮುಖ್ಯ ಮೆಮೊರಿ ಓದಲು ಕಮಾಂಡ್ 30. ಅದರ ಜೊತೆ ಆರಂಭದ ವಿಳಾಸ ಕೊಡಿ. ಚಿಪ್ ಆ ವಿಳಾಸದಿಂದ ಕೊನೆಯವರೆಗೂ ಸುರಿಯುತ್ತಾ ಹೋಗುತ್ತದೆ. ಇಷ್ಟೇ ಬೈಟ್ ಸಾಕು ಎಂದು ಹೇಳುವ ದಾರಿ ಕಮಾಂಡ್‌ನಲ್ಲಿ ಇಲ್ಲ. ಸೊನ್ನೆಯಿಂದ ಪೂರ್ತಿ ಓದಲು 2048 ಬಿಟ್‌ಗಳಿಗೆ 2048 ಪಲ್ಸ್, ಡೇಟಾ ತಂತಿಯನ್ನು ಬಿಡಿಸಲು ಇನ್ನೊಂದು, ಒಟ್ಟು 2049. ವೇಗ 50 ಕಿಲೊಹರ್ಟ್ಸ್ ಇದ್ದರೆ ಸುಮಾರು 41 ಮಿಲಿಸೆಕೆಂಡ್. ನಡುವೆ ನಿಲ್ಲಿಸಬೇಕಾದರೆ ಕ್ಲಾಕ್ ಲೋ ಇಟ್ಟು ರಿಸೆಟ್ ತಂತಿಯನ್ನು ಒಮ್ಮೆ ಹೈ ಮಾಡಿ. ಚಿಪ್ ಅಲ್ಲಿಗೇ ಕೈಬಿಡುತ್ತದೆ.

ರಕ್ಷಣಾ ಮೆಮೊರಿ ಓದಲು 34, ಭದ್ರತಾ ಮೆಮೊರಿ ಓದಲು 31. ಎರಡೂ ನಾಲ್ಕು ಬೈಟ್ ಕೊಡುತ್ತವೆ. ರಕ್ಷಣಾ ಮೆಮೊರಿಯಲ್ಲಿ ಸೊನ್ನೆ ಕಂಡ ಬಿಟ್‌ನ ಬೈಟ್ ಆಗಲೇ ಶಾಶ್ವತವಾಗಿ ಮುಚ್ಚಿದೆ ಎಂದರ್ಥ. ತಯಾರಿಕೆಯ ಹಂತದಲ್ಲೇ ಕೆಲವು ಬೈಟ್‌ಗಳನ್ನು ಹೀಗೆ ಮುಚ್ಚಿರುತ್ತಾರೆ. ಯಾವ ಬೈಟ್‌ಗಳು ನಿಮ್ಮ ಬಳಕೆಗೆ ಬಿಡುವಾಗಿವೆ ಎಂದು ಊಹಿಸುವ ಬದಲು ಈ ಕಮಾಂಡ್ ಓಡಿಸಿ ನೋಡುವುದು ಜಾಣತನ.

ಭದ್ರತಾ ಮೆಮೊರಿಯ ಮೊದಲ ಬೈಟ್‌ನಲ್ಲಿ 07 ಕಂಡರೆ ಮೂರು ಅವಕಾಶಗಳೂ ಬಾಕಿ ಇವೆ. ಕೋಡ್ ಒಪ್ಪಿಸುವ ಮುನ್ನ ಓದಿದರೆ ಪಿಎಸ್‌ಸಿಯ ಮೂರು ಬೈಟ್‌ಗಳ ಜಾಗದಲ್ಲಿ ಸೊನ್ನೆಗಳು ಬರುತ್ತವೆ. ಒಪ್ಪಿಸಿದ ನಂತರ ನಿಜವಾದ ಮೌಲ್ಯಗಳು ಕಾಣುತ್ತವೆ.

ಕೋಡ್ ಒಪ್ಪಿಸುವುದು

ಈ ಚಿಪ್‌ನ ಜೀವಾಳ ಇರುವುದು ಇಲ್ಲಿ. ಆತುರಪಡದೆ ಓದಿ.

ಮೊದಲು ಕಮಾಂಡ್ 31ರಿಂದ ಕೌಂಟರ್ ಓದಿ. ಕನಿಷ್ಠ ಬೆಲೆಯ ಮೂರು ಬಿಟ್‌ಗಳಲ್ಲಿ ಎಷ್ಟು ಒಂದುಗಳಿವೆಯೋ ಅಷ್ಟು ಅವಕಾಶ ಉಳಿದಿದೆ. ನಂತರ 39, 00, 06 ಕಳಿಸಿ. ಇದು ಕೌಂಟರ್‌ನ ಒಂದು ಬಿಟ್ಟನ್ನು ಸೊನ್ನೆ ಮಾಡುತ್ತದೆ. ಕೌಂಟರ್ ಆಗಲೇ 06 ಆಗಿದ್ದರೆ 04 ಕಳಿಸಬೇಕು, 04 ಆಗಿದ್ದರೆ 00. ಅಂದರೆ ಕೋಡ್ ಹೇಳುವ ಮೊದಲೇ ಒಂದು ಅವಕಾಶವನ್ನು ನಿಮ್ಮ ಕೈಯಾರೆ ಖರ್ಚು ಮಾಡಿದ್ದೀರಿ.

ಈಗ ಕೋಡ್‌ನ ಮೂರು ಬೈಟ್‌ಗಳನ್ನು ಕಮಾಂಡ್ 33ರೊಂದಿಗೆ ಒಂದಾದ ಮೇಲೊಂದು ಕಳಿಸಿ: 33, 01 ಮತ್ತು ಮೊದಲ ಬೈಟ್; 33, 02 ಮತ್ತು ಎರಡನೆಯದು; 33, 03 ಮತ್ತು ಮೂರನೆಯದು. ಹೊಸ ಕಾರ್ಡ್‌ನಲ್ಲಿ ಸಾಮಾನ್ಯವಾಗಿ ಮೂರೂ ಎಫ್‌ಎಫ್. ಸರಿಯೋ ತಪ್ಪೋ ಎಂದು ಚಿಪ್ ಬಾಯಿಬಿಡುವುದಿಲ್ಲ.

ಕೊನೆಗೆ 39, 00, ಎಫ್‌ಎಫ್ ಕಳಿಸಿ. ಇದು ಕೌಂಟರನ್ನು ಅಳಿಸಿ ಮತ್ತೆ ತುಂಬುವ ಪ್ರಯತ್ನ. ಕೋಡ್ ಸರಿಯಾಗಿದ್ದರೆ ಮಾತ್ರ ಚಿಪ್ ಇದಕ್ಕೆ ಒಪ್ಪುತ್ತದೆ. ಮತ್ತೊಮ್ಮೆ 31 ಓಡಿಸಿ. ಕೌಂಟರ್ 07ಕ್ಕೆ ಮರಳಿದ್ದರೆ ಗೆದ್ದಿರಿ. ಕಾರ್ಡ್‌ಗೆ ವಿದ್ಯುತ್ ಇರುವವರೆಗೂ ಬರೆಯಬಹುದು. ಹಾಗೇ 06 ಉಳಿದಿದ್ದರೆ ಕೋಡ್ ತಪ್ಪು.

ಇಷ್ಟು ಸುತ್ತುಬಳಸಿನ ಕ್ರಮ ಏಕೆ? ಕೋಡ್ ತಪ್ಪಾದ ಮೇಲೆ ಕೌಂಟರ್ ಇಳಿಸುವುದು ಸಹಜ ಕ್ರಮದಂತೆ ಕಾಣುತ್ತದೆ. ಆದರೆ ಹಾಗೆ ಮಾಡಿದ್ದರೆ ಕದಿಯುವವನಿಗೆ ಕೆಲಸ ಸಲೀಸಾಗುತ್ತಿತ್ತು. ಕೋಡ್ ತಪ್ಪಾಯಿತು ಎಂದು ಗೊತ್ತಾದ ಕೂಡಲೇ, ಕೌಂಟರ್ ಇಳಿಯುವ ಮುನ್ನ, ಅವನು ವಿದ್ಯುತ್ ಕಿತ್ತುಬಿಡುತ್ತಿದ್ದ. ಇಇಪ್ರಾಮ್‌ಗೆ ಬರೆಯಲು ಮಿಲಿಸೆಕೆಂಡ್‌ಗಟ್ಟಲೆ ಬೇಕು, ಅಷ್ಟು ಸಮಯ ಅವನಿಗೆ ಧಾರಾಳ ಸಾಕು. ಹೀಗೆ ಒಂದೊಂದೇ ಕೋಡ್ ಪ್ರಯತ್ನಿಸುತ್ತಾ ಎಲ್ಲ 1,67,77,216 ಸಾಧ್ಯತೆಗಳನ್ನೂ ಮುಗಿಸಬಹುದಿತ್ತು. ಅವಕಾಶವನ್ನು ಮೊದಲೇ ಸುಟ್ಟುಹಾಕಿ, ಸರಿಯಾದರೆ ಮಾತ್ರ ಮರಳಿಸುವ ಈ ಏರ್ಪಾಡಿನಲ್ಲಿ ಯಾವ ಕ್ಷಣದಲ್ಲಿ ವಿದ್ಯುತ್ ಕಿತ್ತರೂ ನಷ್ಟ ಕಿತ್ತವನಿಗೇ. ಪ್ರೊಸೆಸರ್ ಇಲ್ಲದ ಚಿಪ್ ಒಂದು ಬರೀ ಕೆಲಸಗಳ ಕ್ರಮದಿಂದಲೇ ಇಷ್ಟು ಗಟ್ಟಿಯಾಗಿ ನಿಲ್ಲುವುದನ್ನು ನಾನು ತುಂಬ ಮೆಚ್ಚುತ್ತೇನೆ. ಲಾಗಿನ್ ಪುಟ ಬರೆಯುವ ಯಾವ ಪ್ರೋಗ್ರಾಮರ್ ಕೂಡ ಕಲಿಯಬೇಕಾದ ಪಾಠ ಇದು.

ಕೌಂಟರ್ ಸೊನ್ನೆ ಮುಟ್ಟಿ, ಕೊನೆಯ ಪ್ರಯತ್ನವೂ ತಪ್ಪಾದರೆ ಕಾರ್ಡನ್ನು ಓದಲು ಮಾತ್ರ ಬರುತ್ತದೆ. ಬರೆಯುವ ದಾರಿ ಎಂದೆಂದಿಗೂ ಮುಚ್ಚಿತು, ತಯಾರಕರೂ ತೆರೆಯಲಾರರು. ಆದ್ದರಿಂದ ನಿಮ್ಮ ಪ್ರೋಗ್ರಾಂನಲ್ಲಿ ಒಂದು ನಿಯಮ ಹಾಕಿಕೊಳ್ಳಿ: ಒಂದೇ ಅವಕಾಶ ಉಳಿದಿರುವ ಕಾರ್ಡ್ ಬಂದರೆ ತಾನಾಗಿ ಕೋಡ್ ಕಳಿಸದೆ ನಿಲ್ಲಬೇಕು. ಆ ಕಾರ್ಡನ್ನು ಮನುಷ್ಯರೇ ನೋಡಿ ತೀರ್ಮಾನಿಸಲಿ.

ಬರೆಯುವುದು

ಮುಖ್ಯ ಮೆಮೊರಿಗೆ ಬರೆಯಲು 38, ವಿಳಾಸ, ಡೇಟಾ. ಒಂದು ಕಮಾಂಡ್‌ಗೆ ಒಂದೇ ಬೈಟ್.

ಒಳಗೆ ನಡೆಯುವುದು ಎರಡು ಕೆಲಸ. ಅಳಿಸುವುದೆಂದರೆ ಬಿಟ್‌ಗಳನ್ನು ಒಂದು ಮಾಡುವುದು, ಬರೆಯುವುದೆಂದರೆ ಬೇಕಾದ ಬಿಟ್‌ಗಳನ್ನು ಸೊನ್ನೆ ಮಾಡುವುದು. ಹೊಸ ಮೌಲ್ಯಕ್ಕೆ ಎರಡೂ ಬೇಕಾದರೆ 50 ಕಿಲೊಹರ್ಟ್ಸ್‌ನಲ್ಲಿ 255 ಪಲ್ಸ್, ಅಂದರೆ ಸುಮಾರು 5 ಮಿಲಿಸೆಕೆಂಡ್. ಒಂದೇ ಸಾಕಾದರೆ 124 ಪಲ್ಸ್, ಸುಮಾರು 2.5 ಮಿಲಿಸೆಕೆಂಡ್. ಕೆಲಸ ನಡೆಯುತ್ತಿರುವಷ್ಟು ಹೊತ್ತು ಚಿಪ್ ಡೇಟಾ ತಂತಿಯನ್ನು ಲೋ ಹಿಡಿದಿಟ್ಟುಕೊಳ್ಳುತ್ತದೆ, ಮುಗಿದಾಗ ಬಿಡುತ್ತದೆ.

ಹೊಸಬರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಸಾಮಾನ್ಯ ಸೀರಿಯಲ್ ಇಇಪ್ರಾಮ್‌ಗೆ ಬರೆದ ಮೇಲೆ ಕೆಲವು ಮಿಲಿಸೆಕೆಂಡ್ ಸುಮ್ಮನೆ ಕಾದರೆ ಸಾಕು. ಈ ಚಿಪ್ ಹಾಗಲ್ಲ. ಸಮಯ ಅಳೆಯಲು ಅದು ನಂಬುವುದು ನೀವು ಕೊಡುವ ಕ್ಲಾಕನ್ನೇ. ಪಲ್ಸ್ ನಿಲ್ಲಿಸಿ ಎಷ್ಟು ಕಾದರೂ ಕೆಲಸ ಮುಗಿಯುವುದಿಲ್ಲ. ಡೇಟಾ ತಂತಿ ಮೇಲೇಳುವವರೆಗೂ ಪಲ್ಸ್ ಕೊಡುತ್ತಲೇ ಇರಬೇಕು. 50 ಕಿಲೊಹರ್ಟ್ಸ್ ಮೀರಬೇಡಿ ಎಂದದ್ದೂ ಇದಕ್ಕೇ. ಕ್ಲಾಕನ್ನು ಎರಡರಷ್ಟು ವೇಗವಾಗಿ ಓಡಿಸಿದರೆ 255 ಪಲ್ಸ್ ಅರ್ಧ ಸಮಯದಲ್ಲಿ ತೀರುತ್ತವೆ, ಮೆಮೊರಿ ಕೋಶಕ್ಕೆ ಸಿಗುವ ಸಮಯವೂ ಅರ್ಧವಾಗುತ್ತದೆ. ಓದಿ ನೋಡಿದಾಗ ಎಲ್ಲ ಸರಿಯಾಗಿಯೇ ಕಾಣಬಹುದು. ಅರೆಬರೆ ತುಂಬಿದ ಕೋಶ ಮುಂದೆಂದೋ ಕೈಕೊಡುತ್ತದೆ. ಇಂಥ ದೋಷವನ್ನು ಹುಡುಕುವುದು ಬಲು ಕಷ್ಟ.

ಬರೆದ ಪ್ರತಿ ಬೈಟನ್ನೂ ಮರಳಿ ಓದಿ ಹೋಲಿಸಿ. ಪಿಎಸ್‌ಸಿ ಒಪ್ಪಿಸದೆ ಬರೆಯಲು ಹೋದರೆ ಚಿಪ್ ದೋಷ ಸೂಚನೆಯನ್ನೇನೂ ಕೊಡುವುದಿಲ್ಲ, ಹಳೆಯ ಮೌಲ್ಯ ಹಾಗೆಯೇ ಉಳಿದಿರುತ್ತದೆ, ಅಷ್ಟೆ.

ಬರೆಯುತ್ತಿರುವಾಗಲೇ ಯಾರಾದರೂ ಕಾರ್ಡ್ ಎಳೆದುಕೊಂಡರೆ? ಅಳಿಸುವುದು ಮುಗಿದು ಬರೆಯುವುದು ಬಾಕಿಯಿದ್ದರೆ ಆ ಬೈಟ್ ಎಫ್‌ಎಫ್ ಆಗಿ ಉಳಿಯಬಹುದು. ಉಳಿಕೆ ಮೊತ್ತದಂಥ ಮಾಹಿತಿಗೆ ಇದು ಅಪಾಯ. ನಾನು ಸೂಚಿಸುವ ಪರಿಹಾರ ಹೀಗಿದೆ. ದಾಖಲೆಯನ್ನು 40 ಮತ್ತು 60 ವಿಳಾಸಗಳಲ್ಲಿ ಎರಡು ಪ್ರತಿಗಳಾಗಿ ಇಡಿ. ಪ್ರತಿಯೊಂದರಲ್ಲೂ ಏರುತ್ತಾ ಹೋಗುವ ಒಂದು ಕ್ರಮಸಂಖ್ಯೆ, ಕೊನೆಯಲ್ಲಿ ಸಿಆರ್‌ಸಿ ಮೊತ್ತ (ದಾಖಲೆಯ ಬೈಟ್‌ಗಳಿಂದ ಲೆಕ್ಕಹಾಕುವ ತಾಳೆ ಸಂಖ್ಯೆ) ಇರಲಿ. ಬರೆಯುವಾಗ ಯಾವಾಗಲೂ ಹಳೆಯ ಪ್ರತಿಯ ಮೇಲೆ ಬರೆಯಿರಿ. ಓದುವಾಗ ಸಿಆರ್‌ಸಿ ಸರಿಯಿರುವ ಪ್ರತಿಗಳಲ್ಲಿ ಕ್ರಮಸಂಖ್ಯೆ ದೊಡ್ಡದಿರುವುದನ್ನು ನಂಬಿ. ಕಾರ್ಡನ್ನು ಯಾವ ಗಳಿಗೆಯಲ್ಲಿ ಕಿತ್ತರೂ ಒಂದು ಪ್ರತಿಯಾದರೂ ನೆಟ್ಟಗಿರುತ್ತದೆ.

ಸವೆತದ ಲೆಕ್ಕವೂ ಇದೆ. ಈ ಚಿಪ್‌ನ ಹಳೆಯ ತಾಂತ್ರಿಕ ವಿವರಗಳು ಕೊಡುವ ಭರವಸೆ ಕನಿಷ್ಠ 10,000 ಸಲ ಅಳಿಸಿ ಬರೆಯಬಹುದು ಎಂಬುದು. ಹತ್ತು ಸಾವಿರ ಬಹಳವಾಯಿತು ಎನ್ನುವ ಮುನ್ನ ಕೌಂಟರ್ ನೆನಪಿಸಿಕೊಳ್ಳಿ. ಕೋಡ್ ಒಪ್ಪಿಸಿದಾಗಲೆಲ್ಲ ಅದೇ ಒಂದು ಬೈಟ್‌ಗೆ ಬರೆದು ಅಳಿಸುತ್ತೀರಿ. ಹಾಗಾಗಿ ಬರೀ ಓದಿ ಮುಗಿಯುವ ಕೆಲಸಕ್ಕೆ ಕೋಡ್ ಒಪ್ಪಿಸಲು ಹೋಗಬೇಡಿ. ಕಾರ್ಡ್ ಹಾಕಿದ ಕೂಡಲೇ ಅಭ್ಯಾಸಬಲದಿಂದ ಕೋಡ್ ಕಳಿಸುವ ಪ್ರೋಗ್ರಾಂಗಳನ್ನು ಕಂಡಿದ್ದೇನೆ, ಅದು ಕಾರ್ಡ್‌ನ ಆಯಸ್ಸನ್ನು ವ್ಯರ್ಥ ಮಾಡುವ ರೀತಿ.

ಶಾಶ್ವತವಾಗಿ ಮುಚ್ಚುವುದು

ಮೊದಲ 32 ಬೈಟ್‌ಗಳಲ್ಲಿ ಒಂದನ್ನು ಮುಚ್ಚಲು 3ಸಿ, ವಿಳಾಸ, ಮತ್ತು ಆ ವಿಳಾಸದಲ್ಲಿ ಈಗಿರುವ ಮೌಲ್ಯ. ಕಳಿಸಿದ ಮೌಲ್ಯ ಒಳಗಿರುವುದಕ್ಕೆ ಸರಿಹೊಂದಿದರೆ ಮಾತ್ರ ಚಿಪ್ ರಕ್ಷಣಾ ಬಿಟ್ಟನ್ನು ಸೊನ್ನೆ ಮಾಡುತ್ತದೆ. ತಪ್ಪು ಮೌಲ್ಯವಿರುವ ಬೈಟ್ ಕಣ್ತಪ್ಪಿನಿಂದ ಮುಚ್ಚಿಹೋಗದಂತೆ ಮಾಡಿದ ಏರ್ಪಾಡು ಇದು. ಕಾರ್ಡ್ ಸಂಖ್ಯೆಯಂಥ, ಎಂದೂ ಬದಲಾಗದ ಮಾಹಿತಿಗೆ ಈ ಜಾಗ ತಕ್ಕುದು.

ಕೋಡ್ ಬದಲಿಸುವುದು

ಹಳೆಯ ಕೋಡ್ ಒಪ್ಪಿಸಿದ ಮೇಲೆ ಹೊಸ ಕೋಡ್‌ನ ಮೂರು ಬೈಟ್ ಬರೆಯಿರಿ: 39, 01 ಮತ್ತು ಮೊದಲ ಬೈಟ್; 39, 02 ಮತ್ತು ಎರಡನೆಯದು; 39, 03 ಮತ್ತು ಮೂರನೆಯದು. ಮುಗಿದ ಕೂಡಲೇ, ಕಾರ್ಡ್ ತೆಗೆಯುವ ಮುನ್ನ, 31 ಓಡಿಸಿ ಮೂರನ್ನೂ ಓದಿ ಖಚಿತಪಡಿಸಿಕೊಳ್ಳಿ. ಈ ಹಂತದಲ್ಲಿ ತಪ್ಪು ಕಂಡರೆ ಇನ್ನೂ ತಿದ್ದಬಹುದು. ನಡುವೆ ವಿದ್ಯುತ್ ಹೋದರೆ ಹಳೆಯ ಮತ್ತು ಹೊಸ ಬೈಟ್‌ಗಳು ಕಲಸಿದ ಕೋಡ್ ಉಳಿಯುತ್ತದೆ. ಆಗ ಎಲ್ಲಿಗೆ ನಿಂತಿತು ಎಂದು ಗೊತ್ತಿದ್ದರೆ ಪಾರಾಗುತ್ತೀರಿ. ಹಾಗಾಗಿ ಯಾವ ಬೈಟ್‌ವರೆಗೆ ಬರೆದಾಯಿತು ಎಂಬುದನ್ನು ಪ್ರೋಗ್ರಾಂ ಕಾರ್ಡ್‌ನ ಹೊರಗೆ ದಾಖಲಿಸುತ್ತಾ ಹೋಗಲಿ.

ಎಲ್ಲ ಕಾರ್ಡ್‌ಗಳಿಗೂ ಒಂದೇ ಕೋಡ್ ಕೊಡಬೇಡಿ. ಕೋಡ್ ತಂತಿಯ ಮೇಲೆ ಯಾವ ಗೂಢಲಿಪಿಯೂ ಇಲ್ಲದೆ ಹಾಗೆಯೇ ಹೋಗುತ್ತದೆ. ರೀಡರ್ ಮತ್ತು ಕಾರ್ಡ್ ನಡುವೆ ಲಾಜಿಕ್ ಅನಲೈಸರ್ ಸಿಕ್ಕಿಸಿದವನಿಗೆ 33 ಎಂಬ ಬೈಟ್ ಮೂರು ಸಲ ಕಂಡರೆ ಸಾಕು, ಕೋಡ್ ಕೈಗೆ ಬಂದಂತೆಯೇ. ಎಲ್ಲಕ್ಕೂ ಒಂದೇ ಕೋಡ್ ಇದ್ದರೆ ಒಂದು ಕಾರ್ಡ್ ಸೋತಾಗ ಎಲ್ಲವೂ ಸೋಲುತ್ತವೆ. ರಕ್ಷಿಸಿಟ್ಟ ಕಾರ್ಡ್ ಸಂಖ್ಯೆಯನ್ನೂ ನಿಮ್ಮ ಬಳಿ ಮಾತ್ರ ಇರುವ ಮೂಲ ಕೀಲಿಯನ್ನೂ ಎಚ್‌ಮ್ಯಾಕ್ ಕ್ರಿಯೆಗೆ (ಕೀಲಿ ಇಲ್ಲದವರು ಮಾಡಲಾರದ ಮುದ್ರೆಯನ್ನು ಲೆಕ್ಕಹಾಕುವ ವಿಧಾನ) ಕೊಟ್ಟು, ಬಂದ ಉತ್ತರದ ಮೂರು ಬೈಟ್‌ಗಳನ್ನು ಆ ಕಾರ್ಡ್‌ನ ಕೋಡ್ ಮಾಡಿ. ಒಂದರ ಕೋಡ್ ತಿಳಿದರೂ ಇನ್ನೊಂದರದು ತಿಳಿಯದು.

ಯಾವುದಕ್ಕೆ ಸಾಕು, ಯಾವುದಕ್ಕೆ ಸಾಲದು

ಮೇಲೆ ಹೇಳಿದ ಸಿಆರ್‌ಸಿ ಆಕಸ್ಮಿಕ ದೋಷವನ್ನು ಹಿಡಿಯುತ್ತದೆ, ಮೋಸವನ್ನಲ್ಲ. ಮೋಸ ತಡೆಯಲು ದಾಖಲೆಗೂ ಎಚ್‌ಮ್ಯಾಕ್ ಮುದ್ರೆ ಬೇಕು. ಅಷ್ಟು ಮಾಡಿದರೂ ಒಂದು ದಾರಿ ತೆರೆದೇ ಇರುತ್ತದೆ: ಕಾರ್ಡ್ ತುಂಬಿದ್ದಾಗ 256 ಬೈಟ್‌ಗಳನ್ನೂ ನಕಲು ಮಾಡಿಟ್ಟುಕೊಂಡು, ಖರ್ಚಾದ ಮೇಲೆ ಕದ್ದ ಕೋಡ್‌ನಿಂದ ಅದನ್ನೇ ಮರಳಿ ಬರೆಯುವುದು. ಮುದ್ರೆ ಅಸಲಿಯೇ ಆಗಿರುವುದರಿಂದ ರೀಡರ್‌ಗೆ ಅನುಮಾನ ಬರುವುದಿಲ್ಲ. ಕೊನೆಯ ಕ್ರಮಸಂಖ್ಯೆಯನ್ನು ಸರ್ವರ್‌ನಲ್ಲಿಯೂ ಇಟ್ಟು ಹೋಲಿಸುವುದೊಂದೇ ಇದಕ್ಕೆ ಮದ್ದು. ಹಣದ ವ್ಯವಹಾರಕ್ಕೆ, ಸರ್ವರ್ ಸಂಪರ್ಕವಿಲ್ಲದ ಕಡೆ, ಈ ಚಿಪ್ ಬಳಸಬೇಡಿ ಎಂದೇ ಹೇಳುತ್ತೇನೆ.

ಕೋಡನ್ನು ಬಯಲಲ್ಲಿ ಹೇಳುವ ಬದಲು, ಪ್ರತಿ ಸಲ ಹೊಸ ಸವಾಲಿಗೆ ಹೊಸ ಉತ್ತರ ಕೊಡುವ ಮೆಮೊರಿ ಚಿಪ್‌ಗಳು ನಂತರ ಬಂದವು. ಆದರೆ ಅಂಥದ್ದೆಲ್ಲ ತಾನಾಗಿಯೇ ಭದ್ರ ಎಂದುಕೊಳ್ಳುವಂತಿಲ್ಲ. ಆಟ್ಮೆಲ್ ಕಂಪನಿಯ ಕ್ರಿಪ್ಟೊಮೆಮೊರಿ ಬಳಸುತ್ತಿದ್ದ ಸ್ವಂತ, ಗುಟ್ಟಾದ ಗೂಢಲಿಪಿ ವಿಧಾನದ ದೌರ್ಬಲ್ಯಗಳನ್ನು 2010ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ ಬಯಲು ಮಾಡಿತು. ಹೊಸ ವ್ಯವಸ್ಥೆ ಕಟ್ಟುವವರು ಎಸ್‌ಎಚ್‌ಎ-256, ಎಇಎಸ್ ಮುಂತಾದ, ಎಲ್ಲರೂ ಪರೀಕ್ಷಿಸಿದ ವಿಧಾನಗಳಿರುವ ಚಿಪ್ಪನ್ನೇ ಆರಿಸಿ.

ಕೊನೆಯ ಹೆಜ್ಜೆ: ಕಾರ್ಡನ್ನು ಹಾಳುಮಾಡಿ ನೋಡುವುದು

ಪ್ರೋಗ್ರಾಂ ಬಳಕೆಗೆ ಬಿಡುವ ಮುನ್ನ ಒಂದೆರಡು ಕಾರ್ಡ್‌ಗಳನ್ನು ಪರೀಕ್ಷೆಗೆಂದೇ ಬಲಿಕೊಡಿ. ಒಂದಕ್ಕೆ ಬೇಕೆಂದೇ ತಪ್ಪು ಕೋಡ್ ಕೊಟ್ಟು ಕೌಂಟರ್ 06, 04, 00 ಎಂದು ಇಳಿಯುವುದನ್ನು ನೋಡಿ. 04 ಕಂಡಾಗ ನಿಮ್ಮ ಪ್ರೋಗ್ರಾಂ ತಾನಾಗಿ ನಿಂತಿತೇ? ಪೂರ್ತಿ ಮುಚ್ಚಿದ ಮೇಲೂ 30 ಕಮಾಂಡ್‌ಗೆ 256 ಬೈಟ್‌ಗಳೂ ಬರುತ್ತವೆಯೇ? ಇನ್ನೊಂದು ಕಾರ್ಡ್‌ನಲ್ಲಿ ದಾಖಲೆ ಬರೆಯುತ್ತಿರುವಾಗ ಬೇರೆ ಬೇರೆ ಬೈಟ್‌ಗಳ ಹಂತದಲ್ಲಿ ವಿದ್ಯುತ್ ಕತ್ತರಿಸಿ. ಕೈಯಿಂದ ಕಾರ್ಡ್ ಎಳೆಯುವುದಕ್ಕಿಂತ, ಮೈಕ್ರೊಕಂಟ್ರೋಲರ್‌ನ ಪಿನ್‌ನಿಂದ ನಡೆಯುವ ಟ್ರಾನ್ಸಿಸ್ಟರ್ ಮೂಲಕ ಸಿ1ಕ್ಕೆ ವಿದ್ಯುತ್ ಕೊಟ್ಟರೆ, 255 ಪಲ್ಸ್‌ಗಳಲ್ಲಿ ಎಷ್ಟನೆಯದರಲ್ಲಿ ಕತ್ತರಿಸಬೇಕು ಎಂಬುದನ್ನೂ ನೀವೇ ನಿರ್ಧರಿಸಬಹುದು. ಪ್ರತಿ ಸಲವೂ ಕಾರ್ಡನ್ನು ಮತ್ತೆ ಓದಿ, 40 ಮತ್ತು 60ರ ಪ್ರತಿಗಳಲ್ಲಿ ಕನಿಷ್ಠ ಒಂದರ ಸಿಆರ್‌ಸಿ ಹೊಂದುತ್ತದೆಯೇ ಎಂದು ಪರೀಕ್ಷಿಸಿ. ಒಮ್ಮೆಯಾದರೂ ಎರಡೂ ತಪ್ಪಿದರೆ ಬರೆಯುವ ಪ್ರೋಗ್ರಾಂ ಹೊಸ ಪ್ರತಿಯನ್ನೇ ಮತ್ತೆ ಮುಟ್ಟುತ್ತಿದೆ ಎಂದರ್ಥ. ಯಾವ ಪ್ರತಿ ಹಳೆಯದು ಎಂದು ತೀರ್ಮಾನಿಸುವ ಪ್ರೋಗ್ರಾಂ ಸಾಲಿನಿಂದ ಹುಡುಕಾಟ ಶುರುಮಾಡಿ.